ಪಂಪ್‌ಶೂ ಹರಿಗೋಲು ಹತ್ತಿದ ವರ್ಷ

ಪಂಪ್‌ಶೂ ಅಂತ ಯಾರಾದರೂ ಬಾಯಿ ತೆರೆದರೆ ಈ ವಯಸ್ಸಿನಲ್ಲೂ ನನಗೆ ಮೈಯೆಲ್ಲ ಉರಿಯುತ್ತದೆ. ಈಗ ಆ ಮಾಲು ಅಂಗಡಿಯಲ್ಲಿ ಸಿಗುವುದಿಲ್ಲ, ಹಾಕಿಕೊಳ್ಳುವವರೂ ಇಲ್ಲ. ಆದರೆ ನಿಜಾಮನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಮ್ಮ ಸೀಮೆಯ ಗಂಡುಹುಡುಗರಿಗೆ ಅದರ ಹುಚ್ಚು ಹಿಡಿದಿತ್ತು. ಕರ್ರಗೆ ಮಿರಮಿರ ಮಿಂಚುವ ಬೂಟು, ಲಾಡಿ ಇಲ್ಲ, ಪಟ್ಟಿ ಇಲ್ಲ, ಮುಂದೆ ಒಂದು ಸಣ್ಣ ರಿಬ್ಬನ್ನಿನ ಗಂಟು. ಕಾಲು ತೂರಿಸಿದರೆ ಆಯಿತು. ಹೈದರಾಬಾದಿನ ದೊಡ್ಡ ಮಂದಿ ಹಾಕುತ್ತಾರಂತೆ ಅನ್ನುವ ಸುದ್ದಿ ರೈಲಿನಲ್ಲಿ ಯಾದಗಿರಿಗೆ ಬಂದಿಳಿಯಿತು, ಅಲ್ಲಿಂದ ಶಹಾಪುರಕ್ಕೆ ಬಂತು, ಶಹಾಪುರದಿಂದ ಸುರಪುರಕ್ಕೆ. ಕೊನೆಗೆ ಹೊಳೆ ದಾಟಿ ನಮ್ಮ ನಡುಗಡ್ಡೆಗೂ ಬಂತು. ಅದನ್ನು ದಾಟಿಸಿ ತಂದವನು ನಮ್ಮಪ್ಪ. ಅದೇ ನನ್ನ ಸಿಟ್ಟು.

ನಮ್ಮ ಊರು ಕೃಷ್ಣೆಯ ನಡುವಿನ ಒಂದು ಗಡ್ಡೆ. ಸುತ್ತ ನೀರು, ನಡುವೆ ಒಂದಿಷ್ಟು ಮನೆ, ಒಂದಿಷ್ಟು ಜೋಳದ ಹೊಲ. ದಂಡೆಗೆ ಹೋಗಬೇಕಾದರೆ ಹರಿಗೋಲೇ ಗತಿ. ಅಪ್ಪ ಅಂಬಿಗ. ಬೇಸಿಗೆಯಲ್ಲಿ ಮೀನು ಹಿಡಿಯುತ್ತಿದ್ದ, ಉಸುಕಿನಲ್ಲಿ ಸೌತೆಬಳ್ಳಿ ಹಾಕುತ್ತಿದ್ದ, ವರ್ಷಪೂರ್ತಿ ಜನರನ್ನು ದಾಟಿಸುತ್ತಿದ್ದ. ಸುಗ್ಗಿಗೆ ಊರವರು ಮನೆಗಿಷ್ಟು ಅಂತ ಜೋಳ ಅಳೆದು ಕೊಡುತ್ತಿದ್ದರು. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಆ ಹರಿಗೋಲಿನಿಂದ.

ನೋಡದವರಿಗೆ ಹೇಳಬೇಕು: ಹರಿಗೋಲು ಅಂದರೆ ಬಿದಿರಿನಿಂದ ಹೆಣೆದ ಒಂದು ದೊಡ್ಡ ಬುಟ್ಟಿ. ಅದರ ಹೊರಮೈಗೆ ಎತ್ತಿನ, ಎಮ್ಮೆಯ ತೊಗಲು ಹೊಲಿದಿರುತ್ತಾರೆ. ನೀರಿಗೂ ನಮಗೂ ನಡುವೆ ಇರುವುದು ಆ ತೊಗಲು ಮಾತ್ರ. ಅದಕ್ಕೆ ಎಣ್ಣೆ ತಿಕ್ಕಬೇಕು, ಕೆಲಸ ಮುಗಿದ ಮೇಲೆ ದಂಡೆಗೆ ಎಳೆದು ಬೋರಲು ಹಾಕಿ ಒಣಗಿಸಬೇಕು, ಹಳತಾದರೆ ಮಳೆಗಾಲಕ್ಕೆ ಮುಂಚೆ ಹೊಸ ತೊಗಲು ಕಟ್ಟಬೇಕು. ಇಷ್ಟೆಲ್ಲ ಮಾಡಿದರೂ ಒಂದು ಮೊಳೆ ತಾಗಿದರೆ ಸಾಕು, ಹರಿಯುತ್ತದೆ. ಅದಕ್ಕೇ ನಮ್ಮ ಹೊಳೆಯಲ್ಲಿ ಒಂದು ಕಟ್ಟಳೆ ಇತ್ತು. ಮೆಟ್ಟು ಹಾಕಿಕೊಂಡು ಯಾರೂ ಹರಿಗೋಲು ಹತ್ತುವಂತಿಲ್ಲ. ದಂಡೆಯಲ್ಲಿ ಬಿಚ್ಚಬೇಕು, ಕೈಯಲ್ಲಿ ಹಿಡಿಯಬೇಕು, ಹೊಳೆತಾಯಿಗೆ ಕೈಮುಗಿದು ಬರಿಗಾಲಲ್ಲಿ ಹತ್ತಬೇಕು.

ಅಪ್ಪ ಬಹಳ ಸೌಮ್ಯ ಸ್ವಭಾವದ ಮನುಷ್ಯ. ಯಾರು ಎರಡು ಮಾತು ಅಂದರೂ ತಲೆ ತಗ್ಗಿಸಿ ಸುಮ್ಮನಾಗುತ್ತಿದ್ದ. ಆದರೆ ಆ ಕಟ್ಟಳೆಯೊಂದರಲ್ಲಿ ಅವನು ಯಾರ ಮುಲಾಜನ್ನೂ ನೋಡುತ್ತಿರಲಿಲ್ಲ. ಒಮ್ಮೆ ಪೊಲೀಸಿನ ಅಮೀನ್‌ಸಾಹೇಬರು ಯಾವುದೋ ಕಳ್ಳತನದ ತಪಾಸಣೆಗೆ ಬಂದಿದ್ದರು. ಮೊಣಕಾಲಿನವರೆಗೆ ಬೂಟು, ಕೈಯಲ್ಲಿ ಬೆತ್ತ. ಅಪ್ಪ ಸೊಂಟ ಬಗ್ಗಿಸಿ ಸಲಾಮು ಮಾಡಿದ, ಆಮೇಲೆ ಹೇಳಿದ:

"ಬೂಟ ಬಿಚ್ಚಿ ಏರ್ರಿ ಸಾಹೇಬ್ರ. ನಿಮ್ಮ ಜೀಂವ ನನ್ನ ಕೈಯಾಗದ."

ಜೊತೆಗಿದ್ದ ಜವಾನ ಹೌಹಾರಿದ. ಸಾಹೇಬರು ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿದರು, ನಕ್ಕರು, ಕಾಲು ಮುಂದೆ ಚಾಚಿದರು. ಜವಾನ ಕೂತು ಬೂಟು ಎಳೆದು ತೆಗೆದ. ಊರಿನಲ್ಲಿ ಅಪ್ಪನಿಗೆ ಇದ್ದ ಮರ್ಯಾದೆ ಅಂದರೆ ಅದೊಂದೇ. ಹೊಲ ಇರಲಿಲ್ಲ, ಬಂಗಾರ ಇರಲಿಲ್ಲ. ಅಮೀನನ ಬೂಟು ಬಿಚ್ಚಿಸಿದವನು ಅನ್ನುವ ಹೆಸರು ಇತ್ತು.

ಗಂಡುಮಕ್ಕಳಿಲ್ಲದ ಮನೆ ನಮ್ಮದು. ಅಕ್ಕ, ನಾನು, ಇಬ್ಬರೇ. ಅಕ್ಕನಿಗೆ ಶಹಾಪುರದ ಗಂಡು ಗೊತ್ತಾಯಿತು. ನಮ್ಮ ಮಂದಿಯವನೇ, ಆದರೆ ಹುಟ್ಟು ಹಿಡಿದವನಲ್ಲ, ಕಚೇರಿಯಲ್ಲಿ ಚಪರಾಸಿ. ತಿಂಗಳ ಸಂಬಳ ಬರುತ್ತದೆ, ಹೊಳೆಗೆ ಇಳಿಯುವ ಕೆಲಸವಿಲ್ಲ ಅಂತ ಅವ್ವನೂ ಹಿಗ್ಗಿದಳು. ಅವನ ಕೆಲಸ ಸಾಹೇಬರ ಬಾಗಿಲಲ್ಲಿ ನಿಲ್ಲುವುದು. ಒಳಗೆ ಬಿಳಿ ಹಾಸಿಗೆ ಹಾಸಿದ ಕೋಣೆ ಇತ್ತಂತೆ, ಬಂದವರು ಹೊರಗೆ ಬೂಟು ಬಿಟ್ಟು ಹೋಗಬೇಕಂತೆ. ಆ ಬೂಟುಗಳನ್ನು ಕಾಯುತ್ತ ಕಾಯುತ್ತ ಇವನಿಗೆ ಶೋಕಿ ಹತ್ತಿರಬೇಕು. ಈಗ ಯೋಚಿಸಿದರೆ ಪಾಪ ಅನ್ನಿಸಬೇಕೇನೋ. ನನಗೆ ಅನ್ನಿಸುವುದಿಲ್ಲ.

ನಿಶ್ಚಯದ ಎಲೆಅಡಿಕೆ ಹಂಚಿ ಎದ್ದಾದ ಮೇಲೆ ಅವನ ತಾಯಿ, ನಮ್ಮ ಬೀಗತಿ, ಹೊಸ್ತಿಲಲ್ಲಿ ನಿಂತು ಹೇಳಿದಳು:

"ನಮ್ಮ ಹುಡುಗ ಧೋತರ, ರುಮಾಲ ಒಲ್ಲೆ ಅಂತಾನ್ರಿ. ಶೇರವಾನಿ ನಾವು ಹೊಲಿಸ್ತೀವಿ. ಪಂಪ್‌ಶೂ ನಿಮ್ಮ ಕಡಿಂದ ಆಗ್ಲಿ. ಯಾದಗಿರಿ ದುಕಾನದಾಗ ಅಸಲಿ ಮಾಲ ಸಿಗ್ತದಂತ."

ಅಪ್ಪನಿಗೆ ಪಂಪ್‌ಶೂ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಆದರೂ ಹೂಂ ಅಂದ. ಮಗಳ ಮದುವೆ ಅನ್ನುವ ಹೊತ್ತಿಗೆ ಗಂಡಸರ ಬಾಯಿಯಲ್ಲಿ ಬರೀ ಹೂಂ ಉಳಿಯುತ್ತದೆ.

ಯಾದಗಿರಿಗೆ ಹೋಗುವಾಗ ನಾನೂ ಹಟ ಹಿಡಿದು ಬೆನ್ನು ಹತ್ತಿದೆ. ರೈಲು ನೋಡಬೇಕಾಗಿತ್ತು. ಸುರಪುರದ ತನಕ ಎತ್ತಿನ ಗಾಡಿ, ಮುಂದೆ ಮೋಟಾರು. ರೈಲು ನೋಡಿದೆನೋ ಇಲ್ಲವೋ ಈಗ ನೆನಪಿಲ್ಲ. ಆ ಅಂಗಡಿ ಮಾತ್ರ ಕಣ್ಣಿಗೆ ಕಟ್ಟಿದೆ. ಬಾಗಿಲಲ್ಲಿ ನಮ್ಮಪ್ಪನಂಥ ಮಾವಂದಿರ ಒಂದು ಹಿಂಡೇ ಕೂತಿತ್ತು. ಹೆಗಲ ಮೇಲೆ ಕಂಬಳಿ, ಕಾಲಿಗೆ ಧೂಳು, ಎಲ್ಲರ ಮುಖದಲ್ಲೂ ಒಂದೇ ಕಳವಳ. ಒಬ್ಬನ ಕೈಯಲ್ಲಿ ಅಳಿಯನ ಪಾದದ ಅಳತೆಯ ಜೋಳದ ದಂಟು, ಇನ್ನೊಬ್ಬನ ಕೈಯಲ್ಲಿ ಗಂಟು ಹಾಕಿದ ದಾರ. ಕೆಂಪು ರೂಮಿ ಟೋಪಿ, ಬಣ್ಣಬಣ್ಣದ ಕಾಲುಚೀಲ, ಮುಟ್ಟಿದರೆ ಜಾರುವ ನಕಲಿ ರೇಷ್ಮೆ, ಎಲ್ಲ ಆ ಅಂಗಡಿಯಲ್ಲಿ ತೂಗುತ್ತಿದ್ದವು. ಯಾವುದಕ್ಕೆ ಬೆಲೆ ಕೇಳಿದರೂ ಅಂಗಡಿಯವನದು ಒಂದೇ ಮಾತು: "ಲಡಾಯಿ ನಡದದ." ಎಲ್ಲೋ ಸಮುದ್ರದಾಚೆ ನಡೆದ ಲಡಾಯಿಗೆ ನಮ್ಮ ಹೊಳೆಯ ಅಂಬಿಗ ಯಾಕೆ ದಂಡ ಕಟ್ಟಬೇಕು ಅಂತ ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಅಪ್ಪ ಡಬ್ಬಿಯಿಂದ ಒಂದು ಶೂ ಎತ್ತಿ, ತೊಗಲು ಕೊಳ್ಳುವಾಗ ಮಾಡುವ ಹಾಗೆ ಮೂಸಿ ನೋಡಿದ. ಹೆಬ್ಬೆರಳಿನಿಂದ ಅಡಿಯನ್ನು ಒತ್ತಿದ.

"ಏಯ್, ಮೂಸಿ ನೋಡಾಕ ಅದೇನ್ ಮೀನೇನೋ? ಇಡು ಕೆಳಗ!" ಅಂತ ಅಂಗಡಿಯವನು ಗದರಿದ. ಕೂತಿದ್ದ ಮಾವಂದಿರೆಲ್ಲ ನಕ್ಕರು. ನಗುವುದಕ್ಕೆ ಅವರಿಗೇನು ಸಂಭ್ರಮವೋ ಕಾಣೆ, ಅವರೂ ಅಲ್ಲಿಗೆ ಬೋಳಿಸಿಕೊಳ್ಳಲು ಬಂದವರೇ.

"ಅಡಿ ಮೆತ್ತಗ ಅದಲ್ರಿ. ತೊಗಲ ಅನಸವಲ್ದು," ಅಂದ ಅಪ್ಪ.

"ಮೆತ್ತಗ ಇದ್ರನ ಪಂಪ್‌ಶೂ. ಗಟ್ಟಿ ಬೇಕಂದ್ರ ನಿಮ್ಮೂರ ಮೆಟ್ಟ ಹಾಕ್ಕೋ ಹೋಗು."

ಅಪ್ಪನಿಗೆ ಗೊತ್ತಾಗಿತ್ತು. ಆಮೇಲೆ ಗಾಡಿಯಲ್ಲಿ ಅವನೇ ಹೇಳಿದ, ಒಳಗೆ ರಟ್ಟು ಇದ್ದ ಹಾಗಿದೆ ಅಂತ. ಗೊತ್ತಿದ್ದೂ ಕೊಂಡ. ಆ ದುಡ್ಡು ಎಲ್ಲಿಯದು? ಹರಿಗೋಲಿಗೆ ಮಳೆಗಾಲಕ್ಕೆ ಮುಂಚೆ ಹೊಸ ತೊಗಲು ಕಟ್ಟಿಸಲು ಅವ್ವ ಗಡಿಗೆಯಲ್ಲಿ ಕೂಡಿಟ್ಟದ್ದು. ಇಡೀ ಊರನ್ನು ಹೊಳೆ ದಾಟಿಸುವ ತೊಗಲಿನ ಬೆಲೆಗೆ ಒಬ್ಬ ಚಪರಾಸಿಯ ಎರಡು ಪಾದ ಮುಚ್ಚುವ ರಟ್ಟು ಬಂತು. ಹಳೆ ತೊಗಲೇ ಇನ್ನೊಂದು ವರ್ಷ ತಡೆದೀತು ಅಂತ ಅಪ್ಪ ತನಗೆ ತಾನೇ ಹೇಳಿಕೊಂಡ. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಮೋಟಾರು ಜಗ್ಗಿದಾಗಲೆಲ್ಲ ಎರಡೂ ಕೈಯಿಂದ ಒತ್ತಿ ಹಿಡಿಯುತ್ತಿದ್ದ.

ಮದುವೆ ವೈಶಾಖದಲ್ಲಿ. ರೂಢಿಯಂತೆ ಹಿಂದಿನ ದಿನವೇ ಶೂ ಬೀಗರ ಮನೆ ಮುಟ್ಟಿತ್ತು. ದಿಬ್ಬಣ ಮರುದಿನ ಬೆಳಿಗ್ಗೆ ದಂಡೆಗೆ ಬಂತು. ಅಪ್ಪ ಹೊಸ ರುಮಾಲು ಸುತ್ತಿಕೊಂಡು ಹರಿಗೋಲಿನ ಪಕ್ಕದಲ್ಲಿ ಕೈಮುಗಿದು ನಿಂತಿದ್ದ. ಬಂದವರೆಲ್ಲ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದರು. ಮದುಮಗ ಬಿಚ್ಚಲಿಲ್ಲ. ಕುತ್ತಿಗೆಯ ತನಕ ಗುಂಡಿ ಹಾಕಿದ ಶೇರವಾನಿಯಲ್ಲಿ ಬೆವರಿನಿಂದ ತೊಯ್ದು ಹೋಗಿದ್ದ. ಕೆಳಗೆ ಬಿಗಿ ಪಾಯಿಜಾಮ, ಅದರ ಕೆಳಗೆ ಆ ಶೂ.

"ಅಳಿಯಂದಿರ, ಬಿಚ್ಚಿ ಕೈಯಾಗ ಹಿಡಕೋರಿ," ಅಂದ ಅಪ್ಪ, ಬಹಳ ಮೆಲ್ಲಗೆ.

"ಇವು ಅಲ್ಲಿಲ್ಲಿ ಬಿಚ್ಚೋ ಮಾಲಲ್ಲ ಮಾವಾ. ನಿನಗೇನ್ ಗೊತ್ತು," ಅಂದ ಅವನು.

ಎಲ್ಲರೂ ಅಪ್ಪನ ಮುಖ ನೋಡಿದರು. ನಮ್ಮ ಊರಿನ ಹಿರಿಯರೂ ಇದ್ದರು. ಅಮೀನನಿಗೆ ಹೇಳಿದವನು ಅಳಿಯನಿಗೆ ಹೇಳದೆ ಇರುತ್ತಾನೆಯೇ ಅಂತ ನಾನು ಕಾದೆ. ಎಳೆಯ ವಯಸ್ಸು, ಅಪ್ಪನ ಮೇಲೆ ಬೆಟ್ಟದಷ್ಟು ನಂಬಿಕೆ. ಬೀಗತಿ ಕಡೆಯಿಂದ ಒಂದು ಮಾತು ಬಂತು: "ದಂಡ್ಯಾಗ ನಿಂದ್ರಿಸಿ ಇಜ್ಜತ್ ಕಳೀತೀರೇನ್ರಿ?" ಅಪ್ಪ ಹೆಗಲ ಮೇಲಿನ ಕಂಬಳಿ ತೆಗೆದು ನಾಲ್ಕು ಮಡಿಕೆ ಮಾಡಿ ಹರಿಗೋಲಿನ ತಳಕ್ಕೆ ಹಾಸಿದ. ಅದರ ಮೇಲೆ ಕಾಲಿಡಿ ಅಂದ. ಅವನು ಪಂಪ್‌ಶೂ ಸಮೇತ ಹತ್ತಿದ.

ಊರಿನ ಒಬ್ಬ ಮುದುಕ ತನ್ನ ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿಬಿಟ್ಟ: "ನಮಗೊಂದು ನ್ಯಾಯ, ಅಳಿಯಗೊಂದು ನ್ಯಾಯ ಏನಪ್ಪಾ?" ಅಪ್ಪ ಕೇಳಿಸದವನ ಹಾಗೆ ಹುಟ್ಟು ಹಾಕಿದ. ನನಗೆ ಆ ಮುದುಕನ ಮೇಲೂ ಸಿಟ್ಟು ಬಂತು, ಅಪ್ಪನ ಮೇಲೂ ಬಂತು.

ಮದುವೆಯಲ್ಲಿ ಆ ವೇಷದ ಪಾಡು ಹೇಳತೀರದು. ಬಿಗಿ ಪಾಯಿಜಾಮದಲ್ಲಿ ಚಕ್ಕಲಬಕ್ಕಲ ಹಾಕಿ ಕೂರಲು ಬರದೆ ಮದುಮಗ ಮಣೆಯ ಮೇಲೆ ಒಂದು ಕಾಲು ಚಾಚಿ ಕೂತ. ಅಕ್ಷತೆ ಶೇರವಾನಿಯ ಕೊರಳಪಟ್ಟಿಯೊಳಗೆ ಇಳಿದು ಮೈಯೆಲ್ಲ ಕೆರೆದುಕೊಳ್ಳುತ್ತಿದ್ದ. ಅಕ್ಕನಿಗೆ ಬೀಗರು ತಂದ ಸೀರೆ ಅದೇ ನಕಲಿ ರೇಷ್ಮೆ, ತಲೆಯ ಮೇಲಿನ ಸೆರಗು ನಿಲ್ಲುತ್ತಲೇ ಇರಲಿಲ್ಲ. ಅವ್ವ ಎತ್ತಿ ಎತ್ತಿ ಹೊದಿಸಿ ಸೋತಳು. ಊಟದ ಪಂಕ್ತಿಗೆ ಶೂ ಬಿಚ್ಚಿದವನು ಅದನ್ನು ಬಾಗಿಲಲ್ಲಿ ಬಿಡದೆ ತನ್ನ ತಮ್ಮನ ಕೈಗೆ ಕೊಟ್ಟು ಕಾಯಿಸಿದ. ಊಟ ಆದಮೇಲೆ ಮತ್ತೆ ತೊಟ್ಟು, ಗೆಳೆಯರ ಮುಂದೆ ಅಂಗಳದ ಕಲ್ಲುಹಾಸಿನ ಮೇಲೆ ಟಕಟಕ ಅಂತ ಓಡಾಡಿದ. ಆ ಟಕಟಕದಲ್ಲೇ ಹಿಮ್ಮಡಿ ಸವೆದು ಒಳಗಿನ ಸಣ್ಣ ಮೊಳೆಗಳು ಹೊರಗೆ ಹಣಕಿದ್ದವು. ಒಂದು ದಿನ ತಾಳದ ಮಾಲು. ಅದಕ್ಕೆ ಅಸಲಿ ಅಂತ ಹೆಸರು.

ಮರುದಿನ ಅಕ್ಕನನ್ನು ಕಳಿಸುವ ಹೊತ್ತು. ಹರಿಗೋಲಿನಲ್ಲಿ ಅವನು, ಅಕ್ಕ, ಬೀಗತಿ, ದಂಡೆಯ ತನಕ ಅಕ್ಕನ ಜೊತೆಗೆ ನಾನು, ಮತ್ತೆ ನಾಲ್ಕು ಮಂದಿ. ಅಪ್ಪ ಮತ್ತೆ ಕಂಬಳಿ ಹಾಸಿದ. ಅವನು ಅದರ ಮೇಲೆ ಕಾಲಿಟ್ಟ, ಆಮೇಲೆ ಕೆಳಗೆ ನೋಡಿ ಮುಖ ಸಿಂಡರಿಸಿದ. ಕಂಬಳಿಯ ಕೂದಲು ಶೂಗೆ ಅಂಟಿ ಮಿಂಚು ಕೆಡುತ್ತಿತ್ತು. ಕಾಲಿನಿಂದ ಕಂಬಳಿಯನ್ನು ಬದಿಗೆ ಒದ್ದ. ಒದ್ದ ಅಂತಲೇ ಹೇಳುತ್ತೇನೆ, ಸರಿಸಿದ ಅಂತ ಹೇಳಿ ಅವನಿಗೆ ಯಾಕೆ ಉಪಕಾರ ಮಾಡಲಿ?

ನಡುಹೊಳೆಗೆ ಬಂದಾಗ ಶೂ ಕಚ್ಚುತ್ತಿದೆ ಅಂತ ಅವನು ಎದ್ದು ನಿಂತು ಹಿಮ್ಮಡಿ ಊರಿ ತಿರುವಿದ. ಪಟ್ ಅಂತ ಸಪ್ಪಳವಾಯಿತು. ಹಳೆಯ ತೊಗಲು, ಹರಿಯಲು ಕಾದು ಕೂತಿತ್ತು. ಬೆರಳಿನಷ್ಟು ತೂತಿನಿಂದ ನೀರು ಚಿಮ್ಮಿತು. ಬೀಗತಿ ಚೀರಿದಳು. ಅಲ್ಲಿ ಸೆಳವು ಜೋರು. ಅಪ್ಪ ಹುಟ್ಟು ಬಿಟ್ಟರೆ ಹರಿಗೋಲು ಗಿರಗಿರ ತಿರುಗಿ ಬಂಡೆಗೆ ಬಡಿಯುತ್ತಿತ್ತು, ಅವನು ಜಾಗ ಬಿಡುವಂತಿರಲಿಲ್ಲ.

"ಮುಚ್ಚವ್ವಾ, ಮುಚ್ಚು!" ಅಂತ ಕೂಗಿದ.

ಅಕ್ಕ, ಬಾಸಿಂಗ ಬಿಚ್ಚಿ ಇನ್ನೂ ಒಂದು ದಿನವೂ ಆಗಿರದ ಮದುಮಗಳು, ಮೊಣಕಾಲೂರಿ ಕೂತು ಅಂಗೈಯಿಂದ ತೂತು ಒತ್ತಿದಳು. ಸಾಲದೆ ಆ ಹೊಸ ಸೀರೆಯ ಸೆರಗನ್ನು ಉಂಡೆ ಮಾಡಿ ತುರುಕಿದಳು. ನಕಲಿ ರೇಷ್ಮೆ, ನೀರಿನಲ್ಲಿ ಬಣ್ಣ ಬಿಟ್ಟು ಹರಿಗೋಲಿನ ತಳವೆಲ್ಲ ಕೆಂಪಾಯಿತು. ನಾನು ತಂಬಿಗೆಯಿಂದ ನೀರು ತೋಡಿ ಚೆಲ್ಲಿದೆ. ಬಂದವರು ಬೊಗಸೆಯಲ್ಲಿ ತೋಡಿದರು. ಬೀಗತಿಯೂ ತೋಡಿದಳು, ಸುಳ್ಳು ಹೇಳಬಾರದು. ಮದುಮಗ ಅಂಚಿನ ಮೇಲೆ ಕೂತು ಎರಡೂ ಕಾಲು ಎತ್ತಿ ಅಕ್ಕನ ಬಟ್ಟೆಯ ಗಂಟಿನ ಮೇಲೆ ಇಟ್ಟುಕೊಂಡಿದ್ದ. ಗಂಟಿನಲ್ಲಿ ತವರಿನವರು ಉಡುಗೊರೆ ಕೊಟ್ಟ ಆಯಾರದ ಸೀರೆಗಳಿದ್ದವು. ಅದರ ಮೇಲೆ ಆ ಮೊಳೆ ಹಣಕಿದ ಹಿಮ್ಮಡಿಗಳು.

ದಂಡೆ ಮುಟ್ಟಿದೆವು. ಯಾರಿಗೂ ಏನೂ ಆಗಲಿಲ್ಲ. ಇಳಿಯುವಾಗ ಅವನ ಒಂದು ಕಾಲು ನೀರಿಗೆ ಜಾರಿತು. ಉಸುಕಿನ ಮೇಲೆ ಎರಡು ಹೆಜ್ಜೆ ಇಟ್ಟನೋ ಇಲ್ಲವೋ, ಆ ಶೂ ಬಾಯಿ ಬಿಟ್ಟಿತು. ಒಳಗಿನಿಂದ ನೆನೆದ ರಟ್ಟು ಬೂದು ಬಣ್ಣದ ಅಂಬಲಿಯ ಹಾಗೆ ಹೊರಗೆ ಬಂತು. ಅವನು ಅದನ್ನು ನೋಡಿದ. ಹರಿಗೋಲನ್ನು ನೋಡಲಿಲ್ಲ, ಅಂಗೈ ಕೆಂಪಗೆ ಸುಕ್ಕುಗಟ್ಟಿಕೊಂಡು ನಿಂತಿದ್ದ ಹೆಂಡತಿಯನ್ನು ನೋಡಲಿಲ್ಲ.

"ಮಾವಾ, ಇದು ಕೆಟ್ಟಿತು. ಪಂಚಮಿಗೆ ಮಗಳನ್ನ ಕರಿಯಾಕ ಬರ್ತೀಯಲ್ಲ, ಇನ್ನೊಂದ ಜೋಡಿ ತಗೊಂಡ ಬಾ. ಇಲ್ಲಂದ್ರ ಬರಬ್ಯಾಡ," ಅಂದ.

ಅಪ್ಪ ಹರಿದ ತೊಗಲಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಆ ಕೈ ತೆಗೆದು ಜೋಡಿಸಿ, "ಆಗಲ್ರಿ," ಅಂದ.

ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಳಿಯನದು ಶೋಕಿ, ಬೀಗತಿಯದು ಆಸೆ, ಅಂಗಡಿಯವನದು ಮೋಸ; ಅವೆಲ್ಲ ಹೊರಗಿನವು. ಅಪ್ಪ ಹಾಗೆ ಕೈಜೋಡಿಸಿದ್ದು ಮಾತ್ರ ನನ್ನ ಕರುಳಿಗೆ ಬಂದು ತಾಗಿತು. ತೂತಿಗೆ ಬಟ್ಟೆ ತುರುಕಿ, ನೀರು ತೋಡುತ್ತ ಅಪ್ಪ ನಾನು ಹೇಗೋ ಮನೆಗೆ ಬಂದ ಮೇಲೆ ಅವ್ವ ಸುಮ್ಮನಿರಲಿಲ್ಲ.

"ಆಗಲ್ರಿ ಅನ್ನಾಕ ನಿನಗ ಬಾಯರ ಹೆಂಗ ಬಂತು? ಹರಗೋಲ ಹರದಾಂವ ಅಂವ, ಮ್ಯಾಲ ದಂಡ ಕೊಡಾಂವ ನೀನಾ?"

"ಮಗಳ ಅವರ ಮನ್ಯಾಗ ಅದಾಳ," ಅಂದ ಅಪ್ಪ. ಅವ್ವ ತೋಳಿನ ಬೆಳ್ಳಿಯ ಬಂದಿಯನ್ನು ಎಳೆದು ಎಳೆದು ತೆಗೆದು ಅವನ ಮುಂದೆ ಎಸೆದಳು. ಅದು ಯಾದಗಿರಿಯ ಅದೇ ಅಂಗಡಿಗೆ ಹೋಯಿತು. ಈ ಸಲ ಬೆಲೆ ಇನ್ನೂ ಏರಿತ್ತು. ಲಡಾಯಿ ಇನ್ನೂ ನಡೆದಿತ್ತಲ್ಲ.

ಹರಿಗೋಲಿನ ಹಳೆ ತೊಗಲು ಹೊಲಿಗೆ ಹಿಡಿಯಲಿಲ್ಲ, ಹೊಸದಕ್ಕೆ ದುಡ್ಡು ಉಳಿಯಲಿಲ್ಲ. ಮಳೆ ಹಿಡಿಯಿತು, ಹೊಳೆ ಏರಿತು, ನಮ್ಮ ಹರಿಗೋಲು ಬೇಲಿಯ ಪಕ್ಕದಲ್ಲಿ ಬೋರಲು ಬಿದ್ದಿತ್ತು. ಗಡ್ಡೆಯ ಕೆಳತುದಿಯ ಇನ್ನೊಬ್ಬ ಅಂಬಿಗ ಊರನ್ನು ದಾಟಿಸತೊಡಗಿದ. ಊರವರು ಅಪ್ಪನನ್ನು ನೋಡಿದರೆ ಮುಖ ತಿರುಗಿಸುತ್ತಿರಲಿಲ್ಲ, ಆದರೆ ಸುಗ್ಗಿಯ ಜೋಳ ಯಾರ ಮನೆಗೆ ಹೋಗುತ್ತದೆ ಅನ್ನುವುದು ನಮಗೂ ಗೊತ್ತಿತ್ತು.

ಶ್ರಾವಣದಲ್ಲಿ ಅಪ್ಪ ಅಕ್ಕನನ್ನು ಕರೆಯಲು ಹೊರಟ. ಅಕ್ಕನಿಗೆ ನನ್ನನ್ನು ನೋಡುವ ಆಸೆ ಇರುತ್ತದೆ ಅಂತ ನನ್ನನ್ನೂ ಕರೆದುಕೊಂಡ. ಬೇರೆಯವರ ಹರಿಗೋಲಿನಲ್ಲಿ ಅಂಚಿಗೆ ಸರಿದು ಕೂತಿದ್ದ, ಕಂಕುಳಲ್ಲಿ ಶೂಗಳ ಡಬ್ಬಿ. ಶಹಾಪುರ ಮುಟ್ಟಿದಾಗ ಜಿಟಿಜಿಟಿ ಮಳೆ. ಅಕ್ಕ ಬಾಗಿಲಿಗೆ ಓಡಿ ಬಂದಳು, ಅಪ್ಪನ ಕಾಲಿಗೆ ನೀರು ಕೊಡಲು ತಂಬಿಗೆ ಎತ್ತಿದಳು. ಅಷ್ಟರಲ್ಲಿ ಭಾವ ಒಳಗಿನಿಂದ ಬಂದು ಡಬ್ಬಿಗೆ ಕೈ ಚಾಚಿದ. ಕಾಲು ತೂರಿಸಿ ಪಡಸಾಲೆಯಲ್ಲಿ ಆ ಕಡೆ ಈ ಕಡೆ ಓಡಾಡಿದ.

"ಒಂದೀಟ ಬಿಗಿ ಆಗ್ಯಾವ," ಅಂದ.

"ಕೊಡ್ರಿ, ನಾ ಕೈ ಹಾಕಿ ಜಗ್ಗಿ ಸಡಲ ಮಾಡ್ತೀನಿ," ಅಂತ ಅಪ್ಪ ಕೆಸರುಗಾಲಲ್ಲೇ ಬಗ್ಗಿದ.

ಅಕ್ಕ ತಂಬಿಗೆ ಕೆಳಗಿಟ್ಟಳು. ಮಾತು ಕಡಿಮೆ ನಮ್ಮ ಅಕ್ಕನದು. ಚಿಕ್ಕವಳಿದ್ದಾಗಲೂ ನಾನು ಜಗಳಗಂಟಿ, ಅವಳು ಸುಮ್ಮನೆ ಸಹಿಸುವವಳು.

"ಬಿಚ್ಚಬ್ಯಾಡ್ರಿ," ಅಂದಳು ಗಂಡನಿಗೆ. "ಹಂಗ ಹಾಕ್ಕೊಂಡು ನಮ್ಮಪ್ಪನ ಬೆನ್ನ ಮ್ಯಾಲ ನಿಂದರ್ರಿ. ಹೆಂಗೂ ಬಗ್ಗ್ಯಾನ. ಹರಗೋಲ ಹರೀತು, ಇದೂ ಹರೀತದೇನು ನೋಡೂಣು."

ಒಳಗೆ ಬೀಗತಿಯ ಬೀಸುಕಲ್ಲು ನಿಂತಿತು. ಭಾವನ ಮುಖ ಕಪ್ಪಿಟ್ಟಿತು. ಕೈ ಎತ್ತುತ್ತಾನೆ ಅಂದುಕೊಂಡೆ, ಎತ್ತಲಿಲ್ಲ. "ಕರಕೊಂಡ ಹೋಗು ಮಾವಾ. ಪಂಚಮಿ ಮುಗದ ಮ್ಯಾಲ ನಾನ ಬರ್ತೀನಿ," ಅಂತ ಹೇಳಿ ಕಚೇರಿಗೆ ಹೊರಟುಹೋದ, ಅದೇ ಶೂಗಳಲ್ಲಿ. ದಾರಿಯುದ್ದಕ್ಕೂ ಅಪ್ಪ ಅಕ್ಕನನ್ನು ಬೈದ. ಹಾಗೆ ಅನ್ನಬಾರದಿತ್ತು, ನಾಳೆ ಬಾಳ್ವೆ ಮಾಡಬೇಕಾದವಳು ನೀನು, ಅಂತ. ಅಕ್ಕ ಮುಂದೆ ಮುಂದೆ ನಡೆದಳು. ಹೊಳೆಯ ದಂಡೆಯಲ್ಲಿ ಆ ಇನ್ನೊಬ್ಬ ಅಂಬಿಗನ ಹರಿಗೋಲು ನೋಡಿದಾಗ ಮಾತ್ರ ನಿಂತು, "ನಮ್ಮದೆಲ್ಲಿ?" ಅಂದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಹೊಲಿದು ಸರಿಮಾಡಿರಬೇಕು ಅಂತ ತಿಳಿದಿದ್ದಳು. ಅಪ್ಪ ನೀರಿನ ಕಡೆ ನೋಡಿದ. ನಾನೇ ಎಲ್ಲ ಹೇಳಿದೆ, ಅವ್ವನ ತೋಳಬಂದಿಯದನ್ನೂ ಸೇರಿಸಿ.

ಪಂಚಮಿ ಬಂತು, ಜೋಕಾಲಿ ಕಟ್ಟಿದರು, ಉಂಡಿ ಕಟ್ಟಿದರು. ಅಕ್ಕ ಜೋಕಾಲಿ ಹತ್ತಲಿಲ್ಲ. ಹಬ್ಬ ಮುಗಿದು ಕೆಲವು ದಿನಕ್ಕೆ ಭಾವ ಬಂದ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನಾವೆಲ್ಲ ದಂಡೆಯಲ್ಲೇ ಇದ್ದೆವು. ಆ ಇನ್ನೊಬ್ಬ ಅಂಬಿಗನ ಹರಿಗೋಲು ಬಂದು ತಾಗಿತು. ಭಾವ ಕೆಳಗಿಳಿದ. ಬರಿಗಾಲು. ಶೂ ಎರಡನ್ನೂ ಎದೆಗೆ ಒತ್ತಿ ಹಿಡಿದುಕೊಂಡಿದ್ದ.

ಅಕ್ಕ ಅವನ ಪಾದಗಳನ್ನೇ ನೋಡಿದಳು.

"ಯಾಕ್ರಿ, ಬರಿಗಾಲ್ಲೆ ಬಂದೀರಿ?"

"ಏರೋ ಮುಂದ ಬಿಚ್ಚು ಅಂದ ಹರಗೋಲನಾಂವ. ಬಿಚ್ಚಿದೆ," ಅಂದ ಭಾವ. ಅದರಲ್ಲೇನು ವಿಶೇಷ ಅನ್ನುವ ಹಾಗೆ, ಅಷ್ಟು ಸರಳವಾಗಿ ಅಂದ.

ಅಂದರೆ ಅವನಿಗೆ ಬಿಚ್ಚಲು ಬರುತ್ತಿತ್ತು! ಯಾರೋ ಗುರುತಿಲ್ಲದವನು ಒಂದು ಮಾತು ಅಂದರೆ ಮರುಮಾತಿಲ್ಲದೆ ಬಿಚ್ಚುತ್ತಿದ್ದ. ಬಿಚ್ಚದಿದ್ದದ್ದು ನಮ್ಮಪ್ಪನ ಮಾತಿಗೆ ಮಾತ್ರ, ಹೆಣ್ಣು ಕೊಟ್ಟ ಮಾವ ಅನ್ನುವ ಒಂದೇ ಕಾರಣಕ್ಕೆ. ತೊಗಲು, ಬೆಳ್ಳಿ, ಊರಿನ ಜೋಳ ಎಲ್ಲ ಹೋದದ್ದು ಇಷ್ಟಕ್ಕೇ. ನಾನು ಕಲ್ಲು ಎತ್ತಿಕೊಂಡಿದ್ದೆ. ಅವ್ವ ನನ್ನ ರಟ್ಟೆ ಹಿಡಿದಳು.

"ನಾ ಇದರಾಗ ಬರಾಂಗಿಲ್ಲ," ಅಂದಳು ಅಕ್ಕ. ದನಿ ಏರಿಸಲಿಲ್ಲ. "ನಮ್ಮಪ್ಪನ ಹರಗೋಲ ಅಲ್ಲಿ ಬಿದ್ದದ ನೋಡ್ರಿ. ಅದಕ್ಕ ತೊಗಲ ಕಟ್ಟಿಸ್ರಿ. ಅದರಾಗ ಬರ್ತೀನಿ."

ಭಾವ ನಕ್ಕ. ಯಾರೂ ನಗದೆ ಇದ್ದದ್ದು ನೋಡಿ ಬಾಯಿ ಮುಚ್ಚಿದ. ದಾಟಲು ಬಂದ ಊರಿನ ಹೆಂಗಸರು, ಗಂಡಸರು ಸುತ್ತ ನಿಂತುಬಿಟ್ಟಿದ್ದರು. ಅಂಬಿಗ ಹುಟ್ಟು ಹಿಡಿದು ಕಾಯುತ್ತಿದ್ದ. ಭಾವನಿಗೆ ಆಗ ನೆನಪಾದದ್ದು ಅಪ್ಪ. ಶೂ ಎದೆಗೆ ಅವುಚಿಕೊಂಡೇ ಅವನ ಕಡೆ ತಿರುಗಿ, ಮೊದಲ ಸಲ ಬಹುವಚನದಲ್ಲಿ ಅಂದ:

"ಏನ್ರಿ ಮಾವಾರ, ಸುಮ್ಮ ನಿಂತೀರಲ್ಲ. ನಿಮ್ಮ ಮಗಳಿಗೆ ಒಂದ ಮಾತ ಹೇಳ್ರಿ."

ಅಪ್ಪ ಕೈ ಜೋಡಿಸುತ್ತಾನೆ ಅಂತ ನಾನು ಹಲ್ಲು ಕಚ್ಚಿದೆ. ಅವನು ಅಕ್ಕನನ್ನು ನೋಡಿದ, ಆಮೇಲೆ ಅಳಿಯನ ಬರಿಗಾಲು ನೋಡಿದ.

"ನಾ ಹೇಳಿದ್ದ ನೀವು ಕೇಳಿಲ್ರಿ," ಅಂದ. "ಅಕಿ ಯಾಕ ಕೇಳ್ತಾಳ?"